ಬೆಂಕಿಗೆ ಹೆದರಿ ಕಟ್ಟಿದ ಅರಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ‘ನಿಷೇಧಿತ ನಗರ’ (ಫರ್ಬಿಡನ್ ಸಿಟಿ) ಎಂದು ಹೆಸರಾದ, ಹಿಮ ಬಿದ್ದ ಬೀಜಿಂಗ್ ಅರಮನೆಯ ಚಿತ್ರವೊಂದನ್ನು ಪ್ರಕಟಿಸಿ, ಅದರ ಕಟ್ಟಡಕಲೆಯ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಎಂದು ಕೋರಿದ್ದೆವು. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಗೋಡೆಗಳೆಲ್ಲ ಕೆಂಪು, ಚಾವಣಿಗಳೆಲ್ಲ ಹಳದಿ. ಆದರೂ ಚೀನೀ ಭಾಷೆಯಲ್ಲಿ ಇದನ್ನು ‘ನೇರಳೆ ನಗರ’ ಎನ್ನುತ್ತಾರೆಂದು ಓದಿದೆ. ನೇರಳೆ ಎಲ್ಲಿಂದ ಬಂತು? ‘ನಿಷೇಧಿತ’ ಎಂದರೆ ಯಾರಿಗೆ ನಿಷೇಧ?
— ಓದುಗರು, ಹಾಸನ

ಈ ನೇರಳೆ ಆಕಾಶದಿಂದ ಇಳಿದು ಬಂದ ಬಣ್ಣ. ಹಳೆಯ ಚೀನೀ ಖಗೋಳಶಾಸ್ತ್ರದಲ್ಲಿ ಧ್ರುವ ನಕ್ಷತ್ರದ ಸುತ್ತಲಿನ ತಾರಾಮಂಡಲಕ್ಕೆ ‘ಝಿವೇಯ್’ ಎಂಬ ಹೆಸರಿದೆ, ಅದರ ಮೊದಲ ಅಕ್ಷರಕ್ಕೆ ನೇರಳೆ ಎಂಬ ಅರ್ಥವಿದೆ. ಉಳಿದ ನಕ್ಷತ್ರಗಳೆಲ್ಲ ಸುತ್ತುತ್ತಿರುವಾಗ ತಾನೊಂದೇ ಅಲುಗದೆ ನಿಲ್ಲುವ ಆ ತಾಣದಲ್ಲಿ ಸ್ವರ್ಗದ ಒಡೆಯನ ಅರಮನೆ ಇದೆಯೆಂದು ಚೀನೀಯರು ಭಾವಿಸಿದ್ದರು. ಸ್ವರ್ಗದ ಪುತ್ರನೆನಿಸಿಕೊಂಡ ಚಕ್ರವರ್ತಿ ಭೂಮಿಯ ಮೇಲೆ ಅದೇ ಬಗೆಯ ತಾಣವೊಂದರಲ್ಲಿ ಕುಳಿತು ಆಳುತ್ತಾನೆ ಎಂಬುದನ್ನು ಸಾರಲು ಅರಮನೆಗೆ ‘ಝಿಜಿನ್‌ಚೆಂಗ್’ ಎಂದು ಹೆಸರಿಟ್ಟರು. ‘ಜಿನ್’ ಎಂದರೆ ನಿಷೇಧ, ‘ಚೆಂಗ್’ ಎಂದರೆ ಗೋಡೆ ಸುತ್ತಿದ ನಗರ. ಅಪ್ಪಣೆಯಿಲ್ಲದೆ ಸಾಮಾನ್ಯರು ಒಳಗೆ ಕಾಲಿಡುವಂತಿರಲಿಲ್ಲ, ಅಧಿಕಾರಿಗಳಿಗೂ ದರ್ಬಾರು ನಡೆಯುವ ಹೊರ ಆಸ್ಥಾನದಾಚೆ ಮುಕ್ತ ಪ್ರವೇಶವಿರಲಿಲ್ಲ. ಇಂದು ಚೀನೀಯರು ಇದನ್ನು ‘ಗುಗಾಂಗ್’, ಅಂದರೆ ಹಳೆಯ ಅರಮನೆ, ಎಂದೇ ಕರೆಯುತ್ತಾರೆ.

ಇದನ್ನು ಕಟ್ಟಿಸಿದವನು ಮಿಂಗ್ ವಂಶದ ಮೂರನೆಯ ಚಕ್ರವರ್ತಿ ಯೊಂಗ್ಲೆ. ಅಣ್ಣನ ಮಗನ ಕೈಯಿಂದ 1402ರಲ್ಲಿ ಸಿಂಹಾಸನವನ್ನು ಕಿತ್ತುಕೊಂಡ ಈತ ನಾನ್‌ಜಿಂಗ್‌ನಿಂದ ರಾಜಧಾನಿಯನ್ನು ಉತ್ತರಕ್ಕೆ ಸಾಗಿಸಲು ನಿರ್ಧರಿಸಿದ. 1406ರಲ್ಲಿ ಸಿದ್ಧತೆ ಆರಂಭವಾಗಿ 1420ರಲ್ಲಿ ಅರಮನೆ ಮುಗಿಯಿತು. ದಾಯಾದಿಯಿಂದ ಗದ್ದುಗೆ ಪಡೆದ ಅರಸನಿಗೆ ತನ್ನ ಆಳ್ವಿಕೆಗೆ ಸ್ವರ್ಗದ ಒಪ್ಪಿಗೆ ಇದೆಯೆಂದು ಲೋಕಕ್ಕೆ ತೋರಿಸುವ ಅಗತ್ಯ ಬಹಳವಾಗಿತ್ತು. ಆಕಾಶದ ನಕ್ಷೆಯನ್ನು ನೆಲಕ್ಕೆ ತಂದ ಈ ಆಗ್ರಹದ ಹಿಂದೆ ಆ ಅಗತ್ಯವೂ ಇದೆ ಎಂದು ನಾನು ನಂಬುತ್ತೇನೆ. ಮುಂದೆ ಮಿಂಗ್ ವಂಶದ 14 ಹಾಗೂ ಚಿಂಗ್ ವಂಶದ 10, ಒಟ್ಟು 24 ಚಕ್ರವರ್ತಿಗಳು ಇಲ್ಲಿದ್ದುಕೊಂಡು ಆಳಿದರು.

ಅರಮನೆಯಲ್ಲಿ 9,999 ಕೋಣೆಗಳಿವೆಯೆಂದು ಪ್ರವಾಸಿ ಪುಸ್ತಿಕೆಗಳು ಹೇಳುತ್ತವೆ. ಇದು ನಿಜವೇ?
— ಪ್ರೌಢಶಾಲಾ ಶಿಕ್ಷಕರು, ಸಾಗರ

ಸ್ವರ್ಗದ ಅರಮನೆಯಲ್ಲಿ ಹತ್ತು ಸಾವಿರ ಇದ್ದವಂತೆ, ಸ್ವರ್ಗಕ್ಕೆ ಸಮನಾಗಬಾರದೆಂದು ಚಕ್ರವರ್ತಿ ಅರ್ಧ ಕೋಣೆ ಕಡಿಮೆ ಮಾಡಿ 9,999½ ಕಟ್ಟಿಸಿದನಂತೆ. ಇದು ಬೀಜಿಂಗ್‌ನ ಜನಪದ ಕಥೆ. 1973ರಲ್ಲಿ ತಜ್ಞರು ಎಣಿಸಿದಾಗ ಸಿಕ್ಕಿದ್ದು 8,707.

ಆದರೆ ಎಣಿಸಿದ್ದು ಏನನ್ನು ಎಂಬುದು ಮುಖ್ಯ, ಮತ್ತು ಅದನ್ನು ಅರಿಯಲು ಕನ್ನಡಿಗರಿಗೆ ಬೇರೆ ಭಾಷೆಯವರಿಗಿಂತ ಸುಲಭ. ನಮ್ಮ ಹಳ್ಳಿಗಳಲ್ಲಿ ಮನೆಯನ್ನು ‘ಐದಂಕಣದ ಮನೆ’, ‘ಹತ್ತಂಕಣದ ಮನೆ’ ಎಂದು ಅಳೆಯುತ್ತಿದ್ದರಲ್ಲ, ಚೀನೀಯರ ‘ಜಿಯಾನ್’ ಎಂಬುದು ಅದೇ ಅಂಕಣ. ನಾಲ್ಕು ಕಂಬಗಳ ನಡುವಿನ ಜಾಗವೇ ಒಂದು ಜಿಯಾನ್. ಅದನ್ನು ಇಂಗ್ಲಿಷಿನಲ್ಲಿ ಕೋಣೆ ಎಂದು ಅನುವಾದಿಸಿದ್ದರಿಂದ ಬಾಗಿಲು ಹಾಕಿದ ಸಾವಿರಾರು ಕೋಣೆಗಳ ಚಿತ್ರ ನಮ್ಮ ಕಣ್ಣಮುಂದೆ ಬಂದುಬಿಟ್ಟಿತು. ಅತಿ ದೊಡ್ಡ ಕಟ್ಟಡವಾದ ತೈಹೆದಿಯನ್, ಅಂದರೆ ಪರಮ ಸಾಮರಸ್ಯದ ಸಭಾಂಗಣ, ಒಂದೇ ವಿಶಾಲ ಹಜಾರ. ಲೆಕ್ಕದಲ್ಲಿ ಮಾತ್ರ ಅದು ಅಗಲಕ್ಕೆ 11, ಆಳಕ್ಕೆ 5, ಒಟ್ಟು 55 ಅಂಕಣ. ಅದರ ಭಾರವನ್ನು 72 ಕಂಬಗಳು ಹೊತ್ತಿವೆ.

ಒಂಬತ್ತಕ್ಕೆ ಇರುವ ಮಹತ್ವ ಮಾತ್ರ ಕಟ್ಟುಕಥೆಯಲ್ಲ. ಬೆಸ ಸಂಖ್ಯೆಗಳು ‘ಯಾಂಗ್’, ಅಂದರೆ ಪುರುಷ ತತ್ತ್ವದವು, ಒಂದಂಕಿಯ ಬೆಸ ಸಂಖ್ಯೆಗಳಲ್ಲಿ ಒಂಬತ್ತು ಅತಿ ದೊಡ್ಡದು, ಆದ್ದರಿಂದ ಅದು ಚಕ್ರವರ್ತಿಯ ಸಂಖ್ಯೆ. ಮುಖ್ಯ ದ್ವಾರಗಳ ಕೆಂಪು ಕದಗಳ ಮೇಲೆ ಸಾಲಿಗೆ ಒಂಬತ್ತರಂತೆ ಒಂಬತ್ತು ಸಾಲು, 81 ಬಂಗಾರದ ಬಣ್ಣದ ಗುಬ್ಬಿಮೊಳೆಗಳನ್ನು ಕಾಣಬಹುದು.

ಹಂಪಿಯ ಕಲ್ಲಿನ ಕಟ್ಟಡಗಳ ನಡುವೆ ಬೆಳೆದವನು ನಾನು. ಅಷ್ಟು ಸಿರಿವಂತ ಚಕ್ರವರ್ತಿಗಳು ಕಲ್ಲನ್ನು ಬಿಟ್ಟು ಸುಟ್ಟುಹೋಗುವ ಮರದಲ್ಲಿ ಏಕೆ ಅರಮನೆ ಕಟ್ಟಿಸಿದರು?
— ಓದುಗರು, ಹೊಸಪೇಟೆ

ಬಂದ ಪತ್ರಗಳಲ್ಲಿ ನನಗೆ ತುಂಬ ಹಿಡಿಸಿದ ಪ್ರಶ್ನೆಯಿದು.

ಚೀನೀಯರಿಗೆ ಕಲ್ಲಿನ ಕೆಲಸ ಬಾರದಿರಲಿಲ್ಲ. ಇದೇ ಮಿಂಗ್ ಅರಸರ ಸಮಾಧಿಗಳು ಬೀಜಿಂಗ್‌ನ ಉತ್ತರದ ಬೆಟ್ಟಗಳ ಬುಡದಲ್ಲಿವೆ, ಅವುಗಳ ನೆಲದಡಿಯ ಕಮಾನು ಕೋಣೆಗಳು ಕಲ್ಲಿನವು. ಸತ್ತವರಿಗೆ ಕಲ್ಲು, ಬದುಕಿರುವವರಿಗೆ ಮರ ಎಂಬ ವಿಂಗಡಣೆ ಅಲ್ಲಿ ಬಹುಮಟ್ಟಿಗೆ ನಡೆದುಬಂದಿತ್ತು. ಅವರ ಪಂಚತತ್ತ್ವಗಳಲ್ಲಿ ಮರವೂ ಒಂದು. ಅದು ವಸಂತದ, ಚಿಗುರುವ ಜೀವದ ತತ್ತ್ವ. ಇನ್ನು ಹಂಪಿಯವರಾದ ನೀವು ಗಮನಿಸಿಯೇ ಇರುತ್ತೀರಿ: ಅಲ್ಲಿ ಗಟ್ಟಿಯಾಗಿ ಉಳಿದಿರುವವು ಹೆಚ್ಚಾಗಿ ದೇವಾಲಯಗಳು. ಅರಸರ ವಾಸದ ಅರಮನೆಗಳಿದ್ದ ಕಡೆ ಕೆತ್ತನೆಯ ಕಲ್ಲಿನ ಜಗತಿಗಳಷ್ಟೇ ಇವೆ, ಅವುಗಳ ಮೇಲಿದ್ದ ಮರದ ಕಂಬ, ತೊಲೆ, ಚಾವಣಿಗಳು ಇಲ್ಲವಾಗಿವೆ. ಕಲ್ಲಿನ ಜಗತಿಯ ಮೇಲೆ ಮರದ ಅರಮನೆ ಎಂಬ ಕಲ್ಪನೆ ನಮಗೂ ಹೊಸದಲ್ಲ.

ಮರಕ್ಕೆ ಇನ್ನೊಂದು ಗುಣವಿದೆ. ಅರಮನೆಯ ಕಂಬಗಳನ್ನು ನೆಲದಲ್ಲಿ ಹೂತಿಲ್ಲ, ಕಲ್ಲಿನ ಪೀಠಗಳ ಮೇಲೆ ಸುಮ್ಮನೆ ನಿಲ್ಲಿಸಿದ್ದಾರೆ. ಕಂಬಕ್ಕೂ ಸೂರಿಗೂ ನಡುವೆ ‘ದೋಗೊಂಗ್’ ಎಂಬ ಬೋದಿಗೆಗಳ ಗೊಂಚಲು ಇರುತ್ತದೆ. ಚಿಕ್ಕ ಚಿಕ್ಕ ಮರದ ತುಂಡುಗಳಲ್ಲಿ ಗುಳಿ ಕೊರೆದು, ಒಂದರೊಳಗೆ ಒಂದನ್ನು ಕೂರಿಸಿ, ಮೊಳೆಯ ಆಸರೆಯಿಲ್ಲದೆ ಮೇಲಕ್ಕೂ ಮುಂದಕ್ಕೂ ಚಾಚುತ್ತ ಹೋಗುವ ಜೋಡಣೆಯದು. ಭಾರವಾದ ಹೆಂಚಿನ ಚಾವಣಿಯನ್ನು ಗೋಡೆಯಾಚೆಗೆ ಅಷ್ಟು ದೂರ ಚಾಚಲು ಸಾಧ್ಯವಾದದ್ದು ಇದರಿಂದಲೇ. ಭೂಮಿ ನಡುಗಿದಾಗ ಈ ಸಡಿಲ ಜೋಡಣೆ ಅಲುಗಾಡುತ್ತ ನಡುಕವನ್ನು ತನ್ನಲ್ಲಿ ಇಂಗಿಸಿಕೊಳ್ಳುತ್ತದೆ. ಗೋಡೆಗಳು ಭಾರ ಹೊರುವುದಿಲ್ಲವಾದ್ದರಿಂದ ‘ಗೋಡೆ ಬಿದ್ದರೂ ಮನೆ ಬೀಳದು’ ಎಂಬುದು ಅಲ್ಲಿನ ಬಡಗಿಗಳ ಮಾತು. 1976ರಲ್ಲಿ ತಾಂಗ್‌ಶಾನ್ ನಗರವನ್ನು ನೆಲಸಮ ಮಾಡಿದ ಭೂಕಂಪ ಬೀಜಿಂಗನ್ನೂ ಅಲುಗಿಸಿತು, ಅರಮನೆ ನಿಂತಿತು.

ಅರಮನೆಯನ್ನು ಗೆದ್ದದ್ದು ಬೆಂಕಿ. 1421ರ ಚೀನೀ ಹೊಸವರ್ಷದಂದು ಯೊಂಗ್ಲೆ ಇಲ್ಲಿ ಮೊದಲ ಮಹಾ ದರ್ಬಾರು ನಡೆಸಿದ. ಅದೇ ವರ್ಷದ ಮೇ ತಿಂಗಳಲ್ಲಿ ಸಿಡಿಲು ಬಡಿದು ತೈಹೆದಿಯನ್ ಸೇರಿ ಹೊರ ಆಸ್ಥಾನದ ಮೂರೂ ಮಹಾ ಸಭಾಂಗಣಗಳು ಬೂದಿಯಾದವು. ಹದಿನಾಲ್ಕು ವರ್ಷಗಳ ಶ್ರಮ ನಾಲ್ಕು ತಿಂಗಳೂ ಬಾಳಲಿಲ್ಲ. ಸ್ವರ್ಗದ ಒಪ್ಪಿಗೆಗಾಗಿ ಹಂಬಲಿಸಿದ ಅರಸನ ಸಿಂಹಾಸನದ ಮೇಲೆಯೇ ಸ್ವರ್ಗದ ಬೆಂಕಿ ಬಿದ್ದಿತ್ತು. ನನ್ನಲ್ಲಿ ತಪ್ಪಿದ್ದರೆ ಹೇಳಿ ಎಂದು ಅವನು ಅಧಿಕಾರಿಗಳನ್ನು ಕೇಳಿದ, ರಾಜಧಾನಿಯನ್ನು ಬದಲಿಸಿದ್ದೇ ತಪ್ಪು ಎಂದ ಶಾವ್ ಯೀ ಎಂಬ ಅಧಿಕಾರಿಗೆ ಮರಣದಂಡನೆ ವಿಧಿಸಿದ. ಆ ಮೂರು ಸಭಾಂಗಣಗಳು ಅವನ ಜೀವಮಾನದಲ್ಲಿ ಮತ್ತೆ ಏಳಲಿಲ್ಲ. ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ ಅವನ ಮರಿಮಗನ ಕಾಲದಲ್ಲಿ ಎದ್ದವು.

ಆ ಬೆಂಕಿ ಬಿದ್ದಾಗ ಹೆರಾತಿನ ತೈಮೂರಿ ದೊರೆ ಶಾರುಖ್ ಕಳುಹಿಸಿದ್ದ ರಾಯಭಾರಿಗಳು ಬೀಜಿಂಗ್‌ನಲ್ಲಿದ್ದರು, ಅವರ ಜೊತೆಗಿದ್ದ ಘಿಯಾಸುದ್ದೀನ್ ನಕ್ಕಾಶ್ ಎಂಬಾತ ತಾನು ಕಂಡದ್ದನ್ನು ಬರೆದಿಟ್ಟ. ಹೊಸಪೇಟೆಯ ಓದುಗರಿಗೆ ಇಲ್ಲೊಂದು ಹತ್ತಿರದ ಎಳೆ ಸಿಗುತ್ತದೆ. ಇದೇ ಶಾರುಖನ ಇನ್ನೊಬ್ಬ ರಾಯಭಾರಿಯೇ 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್. ಏಳು ಸುತ್ತಿನ ಕೋಟೆಯನ್ನೂ ಮಹಾನವಮಿಯ ವೈಭವವನ್ನೂ ನಮಗಾಗಿ ದಾಖಲಿಸಿದ ಆತ ತನ್ನ ಇತಿಹಾಸ ಗ್ರಂಥದಲ್ಲಿ ನಕ್ಕಾಶನ ಚೀನಾ ಯಾತ್ರೆಯ ವಿವರಗಳನ್ನೂ ಸೇರಿಸಿದ್ದಾನೆ. ಬೀಜಿಂಗ್‌ನ ಹೊಸ ಅರಮನೆಯೂ ವಿಜಯನಗರದ ಅರಮನೆಯೂ ಒಂದೇ ಪರ್ಷಿಯನ್ ಗ್ರಂಥದಲ್ಲಿ ಹೀಗೆ ಅಕ್ಕಪಕ್ಕಕ್ಕೆ ಬಂದಿವೆ.

ಮತ್ತೆ 1557ರಲ್ಲಿ, ಮತ್ತೆ 1597ರಲ್ಲಿ ಆ ಸಭಾಂಗಣಗಳು ಸುಟ್ಟವು. 1644ರಲ್ಲಿ ಮಿಂಗ್ ವಂಶವನ್ನು ಉರುಳಿಸಿದ ಬಂಡಾಯಗಾರ ಲಿ ಝಿಚೆಂಗ್ ಬೀಜಿಂಗ್ ಬಿಟ್ಟು ಓಡುವಾಗ ಅರಮನೆಗೆ ಬೆಂಕಿ ಇಟ್ಟ. 1679ರಲ್ಲಿ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ತೈಹೆದಿಯನ್‌ವರೆಗೆ ಹಬ್ಬಿತು. ಇಂದು ನಾವು ನೋಡುವ ತೈಹೆದಿಯನ್ 1695ರಲ್ಲಿ ಕಾಂಗ್ಶಿ ಚಕ್ರವರ್ತಿ ಕೈಗೆತ್ತಿಕೊಂಡ ಮರುನಿರ್ಮಾಣ. ಲಿಯಾಂಗ್ ಜಿಯು ಎಂಬ ವೃದ್ಧ ಬಡಗಿ ಹತ್ತರಲ್ಲೊಂದು ಅಳತೆಯ ಮರದ ಮಾದರಿಯನ್ನು ಮೊದಲು ತನ್ನ ಕೈಯಾರೆ ಮಾಡಿ, ಅದನ್ನು ನೋಡಿಕೊಂಡು ಸಭಾಂಗಣವನ್ನು ಎಬ್ಬಿಸಿದ. ಯೊಂಗ್ಲೆಯ ಕಾಲದಲ್ಲಿ ಸಿಚುವಾನ್, ಯುನ್ನಾನ್ ಕಾಡುಗಳಿಂದ ನದಿಗಳಲ್ಲೂ ಮಹಾ ಕಾಲುವೆಯಲ್ಲೂ ತೇಲಿಸಿ ತಂದಿದ್ದ ‘ನಾನ್‌ಮು’ ಮರದಂಥ ದಿಮ್ಮಿಗಳು ಅಷ್ಟು ಹೊತ್ತಿಗೆ ಸಿಗದಾಗಿದ್ದವು. ಈಶಾನ್ಯದ ಪೈನ್ ಮರವನ್ನೇ ಬಳಸಬೇಕಾಯಿತು. ಆಗ ಮಾಡಿದ ಇನ್ನೊಂದು ಬದಲಾವಣೆ ಚಿಕ್ಕದಾದರೂ ದೊಡ್ಡ ಪಾಠದಿಂದ ಬಂದದ್ದು: ಸಭಾಂಗಣದ ಎರಡೂ ಬದಿಗೆ ಅಂಟಿಕೊಂಡಿದ್ದ ಮರದ ಪಡಸಾಲೆಗಳನ್ನು ತೆಗೆದು, ಬೆಂಕಿ ದಾಟದಂತೆ ಗೋಡೆ ಕಟ್ಟಿದರು.

ಚಾವಣಿಯ ಮೂಲೆಗಳಲ್ಲಿ ಸಾಲಾಗಿ ಕುಳಿತಿರುವ ಪ್ರಾಣಿಗಳು ಯಾವುವು? ಅಲಂಕಾರಕ್ಕಷ್ಟೇ ಇವೆಯೇ?
— ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ

ಅವುಗಳಿಗೆ ಮೊದಲು ಬಡಗಿಯ ಕೆಲಸವಿದೆ, ಆಮೇಲೆ ಅರ್ಥ. ಚಾವಣಿಯ ಇಳಿಜಾರು ಏಣಿನ ಮೇಲಿನ ಹೆಂಚುಗಳು ಜಾರಿ ಬೀಳದಂತೆ ದಪ್ಪ ಮೊಳೆಗಳನ್ನು ಹೊಡೆಯಬೇಕಾಗುತ್ತದೆ. ಮೊಳೆ ಹೊಡೆದ ತೂತಿನಿಂದ ನೀರಿಳಿದು ಮರ ಕೊಳೆಯಬಾರದು. ಆ ಮೊಳೆಗಳಿಗೆ ತೊಡಿಸಿದ ಮುಚ್ಚಳಗಳೇ ಕಾಲಕ್ರಮದಲ್ಲಿ ಪ್ರಾಣಿಗಳಾದವು.

ಎಲ್ಲಕ್ಕಿಂತ ಮುಂದೆ, ಸೂರಿನ ತುದಿಯಲ್ಲಿ, ಹಕ್ಕಿಯೊಂದನ್ನೇರಿದ ದಿವ್ಯ ಪುರುಷನಿರುತ್ತಾನೆ. ಅವನ ಹಿಂದೆ ಡ್ರ್ಯಾಗನ್, ಫೀನಿಕ್ಸ್, ಸಿಂಹ, ಆಕಾಶದ ಕುದುರೆ, ಕಡಲ ಕುದುರೆ, ಬಳಿಕ ನಮಗೆ ಪರಿಚಯವಿಲ್ಲದ ಪುರಾಣದ ಜೀವಿಗಳು. ಅವುಗಳಲ್ಲಿ ‘ಶಿಯೆಝಿ’ ಎಂಬುದು ಸುಳ್ಳು ಹೇಳುವವನನ್ನು ಗುರುತಿಸಿ ಕೊಂಬಿನಿಂದ ತಿವಿಯುವ ನ್ಯಾಯದ ಪ್ರಾಣಿ. ಎಷ್ಟು ಪ್ರಾಣಿಗಳು ಕುಳಿತಿವೆ ಎಂಬುದು ಆ ಕಟ್ಟಡದ ದರ್ಜೆಯನ್ನು ಹೇಳುತ್ತದೆ. ದರ್ಜೆ ಇಳಿದಂತೆ ಒಂಬತ್ತು, ಏಳು, ಐದು, ಮೂರು ಎಂದು ಬೆಸ ಸಂಖ್ಯೆಯಲ್ಲೇ ಅವು ಕಡಿಮೆಯಾಗುತ್ತವೆ. ತೈಹೆದಿಯನ್ ಒಂದಕ್ಕೆ ಮಾತ್ರ ಒಂಬತ್ತರ ಮೇಲೆ ಇನ್ನೊಂದು ಸೇರಿ ಹತ್ತಾಗಿದೆ.

ಆ ಹತ್ತನೆಯದನ್ನು ದುರ್ಬೀನಿನಲ್ಲಿ ನೋಡಿದರೆ ಚೆನ್ನ. ಅದರ ಹೆಸರು ‘ಹಾಂಗ್‌ಶಿ’. ಕೋತಿಯ ಮುಖ, ಬೆನ್ನಿಗೆ ರೆಕ್ಕೆ, ಎರಡು ಕಾಲಿನ ಮೇಲೆ ನಿಂತ ಭಂಗಿ, ಕೈಯಲ್ಲಿ ಊರಿ ಹಿಡಿದ ಗದೆಯಂಥ ಆಯುಧ. ಆ ಆಯುಧ ವಜ್ರ, ಬೌದ್ಧ ಧರ್ಮದ ಜೊತೆ ಭಾರತದಿಂದ ಚೀನಾಕ್ಕೆ ಹೋದ ಇಂದ್ರನ ವಜ್ರಾಯುಧ. ಸಿಡಿಲನ್ನು ತಡೆಯುವುದು ಅದರ ಕೆಲಸ ಎಂದು ನಂಬುತ್ತಾರೆ. ಮೊದಲ ವರ್ಷವೇ ಸಿಡಿಲಿಗೆ ಸುಟ್ಟ ಸಭಾಂಗಣದ ಚಾವಣಿಗೆ ಮಾತ್ರ ಈ ಕಾವಲುಗಾರನನ್ನು ಕೂರಿಸಿರುವುದನ್ನು ನೋಡಿದಾಗ, ಅದನ್ನು ಬರಿಯ ದರ್ಜೆಯ ಗುರುತು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಚಾವಣಿಯ ನೆತ್ತಿಯ ಎರಡು ತುದಿಗಳಲ್ಲಿ ಬಾಯ್ತೆರೆದು ಏಣನ್ನು ಕಚ್ಚಿಕೊಂಡಿರುವುದು ‘ಚಿವೆನ್’. ಡ್ರ್ಯಾಗನ್ನಿನ ಒಂಬತ್ತು ಮಕ್ಕಳಲ್ಲಿ ಒಂದು, ನೀರನ್ನು ಉಗುಳಿ ಬೆಂಕಿ ಆರಿಸಬಲ್ಲದೆಂಬ ಪ್ರತೀತಿ ಅದಕ್ಕಿದೆ. ತೈಹೆದಿಯನ್ ಮೇಲಿನ ಚಿವೆನ್ 13 ಹೆಂಚಿನ ತುಂಡುಗಳಿಂದ ಜೋಡಿಸಿದ್ದು, 3.4 ಮೀಟರ್ ಎತ್ತರ, ನಾಲ್ಕು ಟನ್ನಿಗೂ ಮೀರಿದ ತೂಕ. ಅದು ಹಾರಿಹೋಗದಂತೆ ಬೆನ್ನಿಗೆ ಕತ್ತಿಯೊಂದನ್ನು ನಾಟಿದ್ದಾರೆ, ಹಿಡಿ ಮಾತ್ರ ಹೊರಗೆ ಕಾಣುತ್ತದೆ.

ಎಲ್ಲ ಚಾವಣಿಗಳೂ ಹಳದಿಯಾಗಿರುವಾಗ ಒಂದು ಕಟ್ಟಡದ ಹೆಂಚು ಮಾತ್ರ ಕಪ್ಪಗಿದೆಯಲ್ಲ, ಏಕೆ?
— ಗ್ರಂಥಪಾಲಕರು, ಮೈಸೂರು

ನಿಮ್ಮದೇ ವೃತ್ತಿಯ ಕಟ್ಟಡವದು. ಚಿಯಾನ್‌ಲಾಂಗ್ ಚಕ್ರವರ್ತಿ 1776ರಲ್ಲಿ ಕಟ್ಟಿ ಮುಗಿಸಿದ ಗ್ರಂಥಾಲಯ, ಹೆಸರು ವೆನ್‌ಯುವಾನ್‌ಗೆ. ಚೀನೀ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳನ್ನೆಲ್ಲ ಕೈಬರಹದಲ್ಲಿ ನಕಲು ಮಾಡಿಸಿದ ಮಹಾ ಸಂಗ್ರಹದ ಒಂದು ಪ್ರತಿ, 36,000ಕ್ಕೂ ಹೆಚ್ಚು ಸಂಪುಟಗಳು, ಇಲ್ಲಿದ್ದವು.

ಪಂಚತತ್ತ್ವಗಳಲ್ಲಿ ಹಳದಿ ಭೂಮಿಯ ಬಣ್ಣ. ನಾಲ್ಕು ದಿಕ್ಕುಗಳ ನಡುವಿನ ಕೇಂದ್ರ ಭೂಮಿಗೆ ಸೇರಿದ್ದರಿಂದ ಹಳದಿ ಚಕ್ರವರ್ತಿಯ ಬಣ್ಣವಾಯಿತು. ಕೆಂಪು ಬೆಂಕಿಯದು. ಬೆಂಕಿ ಬೂದಿಯಾಗಿ ಭೂಮಿಯನ್ನು ಹುಟ್ಟಿಸುತ್ತದೆ ಎಂಬ ಲೆಕ್ಕದಲ್ಲಿ ಕೆಂಪು ಗೋಡೆ ಹಳದಿ ಚಾವಣಿಯನ್ನು ಹೊತ್ತಿದೆ. ಪೂರ್ವ ದಿಕ್ಕು ಮರಕ್ಕೂ ಚಿಗುರಿಗೂ ಸೇರಿದ್ದು, ಹಾಗಾಗಿ ಆ ಕಡೆಯ ರಾಜಕುಮಾರರ ನಿವಾಸಗಳಿಗೆ ಹಸಿರು ಹೆಂಚು. ಉತ್ತರ ದಿಕ್ಕು ನೀರಿನದು, ಅದರ ಬಣ್ಣ ಕಪ್ಪು. ಪುಸ್ತಕಗಳಿಗೆ ಬೆಂಕಿಯೇ ಶತ್ರುವಾದ್ದರಿಂದ ಗ್ರಂಥಾಲಯದ ನೆತ್ತಿಗೆ ನೀರನ್ನು ಹೊದಿಸಿದರು. ಅಷ್ಟಕ್ಕೇ ಬಿಡಲಿಲ್ಲ. ‘ಸ್ವರ್ಗದ ಒಂದು ನೀರನ್ನು ಹುಟ್ಟಿಸುತ್ತದೆ, ಭೂಮಿಯ ಆರು ಅದನ್ನು ಪೂರ್ಣಗೊಳಿಸುತ್ತದೆ’ ಎಂಬ ಹಳೆಯ ಮಾತಿನಂತೆ ಮಹಡಿಯನ್ನು ಒಂದೇ ಹಜಾರವಾಗಿಯೂ ಕೆಳಗಿನ ಅಂತಸ್ತನ್ನು ಆರು ಅಂಕಣವಾಗಿಯೂ ಕಟ್ಟಿದರು. ಬೆಸ ಸಂಖ್ಯೆಗಳನ್ನೇ ಮೆಚ್ಚುವ ಅರಮನೆಯಲ್ಲಿ ಆರಂಕಣದ ಕಟ್ಟಡ ಅಪರೂಪ. ಆ ಸಂಪುಟಗಳು ಸುಡಲಿಲ್ಲ, ಈಗ ತೈಪೆಯ ವಸ್ತುಸಂಗ್ರಹಾಲಯದಲ್ಲಿವೆ.

ಸಭಾಂಗಣಗಳ ಮುಂದೆ ಸಾಲಾಗಿ ಇಟ್ಟಿರುವ ದೊಡ್ಡ ಲೋಹದ ಪಾತ್ರೆಗಳು ಯಾವ ಪೂಜೆಗೆ?
— ಗೃಹಿಣಿ, ಚಿತ್ರದುರ್ಗ

ಪೂಜೆಗಲ್ಲ. ಅವು ಬೆಂಕಿ ಆರಿಸಲು ನೀರು ತುಂಬಿಡುತ್ತಿದ್ದ ಕೊಪ್ಪರಿಗೆಗಳು. ಚೀನೀಯರು ಅವುಗಳನ್ನು ‘ಬಾಗಿಲ ಮುಂದಿನ ಸಮುದ್ರ’ ಎಂದು ಕರೆಯುತ್ತಿದ್ದರು. ಚಿಂಗ್ ಕಾಲದಲ್ಲಿ ಇಂಥ 308 ಕೊಪ್ಪರಿಗೆಗಳಿದ್ದವು, ಕೆಲವು ಕಬ್ಬಿಣದವು, ಕೆಲವು ಕಂಚಿನವು, ಅತಿ ಮುಖ್ಯ ಕಟ್ಟಡಗಳೆದುರಿಗೆ ಚಿನ್ನದ ಲೇಪ ಕೊಟ್ಟವು. ಬೀಜಿಂಗ್‌ನ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಆದ್ದರಿಂದ ನವೆಂಬರ್ ಕೊನೆಯಿಂದ ಮಾರ್ಚ್ ಆರಂಭದವರೆಗೆ ಅವುಗಳಿಗೆ ಹತ್ತಿಯ ಹೊದಿಕೆ ಸುತ್ತಿ, ಅಡಿಯ ಕಲ್ಲಿನ ಗೂಡಿನಲ್ಲಿ ಇದ್ದಿಲು ಉರಿಸುತ್ತಿದ್ದರು. ಬೆಂಕಿ ಆರಿಸುವ ನೀರನ್ನು ಕಾಪಾಡಲು ರಾತ್ರಿಯಿಡೀ ಬೆಂಕಿ ಕಾಯುವ ಸೇವಕರಿದ್ದರು.

ಚಿನ್ನದ ಲೇಪದ ಕೊಪ್ಪರಿಗೆಯ ಹತ್ತಿರ ಹೋಗಿ ನೋಡಿ. ಹೊಟ್ಟೆಯ ಉದ್ದಕ್ಕೂ ಓರೆಯಾಗಿ, ಒತ್ತೊತ್ತಾಗಿ ಕೆರೆದ ಗೆರೆಗಳಿವೆ. ಅಲ್ಲಲ್ಲಿ ಉಳಿದ ಲೇಪ ಇನ್ನೂ ಮಿನುಗುತ್ತದೆ, ಉಳಿದೆಡೆ ಕಂದು ಕಂಚು ತೆರೆದುಕೊಂಡಿದೆ. 1900ರಲ್ಲಿ ಬೀಜಿಂಗನ್ನು ಹಿಡಿದ ಎಂಟು ದೇಶಗಳ ಸೈನಿಕರು ಚಿನ್ನಕ್ಕಾಗಿ ಬಾಯೊನೆಟ್ಟಿನಿಂದ ಕೆರೆದ ಗುರುತುಗಳೆಂದು ಅಲ್ಲಿ ಹೇಳುತ್ತಾರೆ. ಆ ದಂಡಿನ ಬ್ರಿಟಿಷ್ ಭಾಗದಲ್ಲಿ ಭಾರತೀಯ ಸಿಪಾಯಿಗಳೂ ಇದ್ದರೆಂಬುದು ಇತಿಹಾಸ. ಆ ಗೆರೆಗಳ ಎದುರು ನಿಂತ ಭಾರತೀಯನಿಗೆ ಅದು ನೆನಪಾಗದೆ ಇರುವುದಿಲ್ಲ.

ಮಳೆನೀರು ಎಲ್ಲಿಗೆ ಹೋಗುತ್ತದೆ? ಅಷ್ಟು ದೊಡ್ಡ ಅಂಗಳದಲ್ಲಿ ಒಂದು ಮರವೂ ಇಲ್ಲವಲ್ಲ.
— ಸಿವಿಲ್ ಎಂಜಿನಿಯರ್, ಮಂಗಳೂರು

ನೆಲದ ವಾಟದಲ್ಲಿ ಉತ್ತರವಿದೆ. ಅರಮನೆಯ ಉತ್ತರ ತುದಿ ದಕ್ಷಿಣಕ್ಕಿಂತ ಒಂದು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಅಂಗಳಗಳ ನಡುವು ಅಂಚಿಗಿಂತ ಎತ್ತರವಿದೆ. ನೀರು ನಡುವಿನಿಂದ ಬದಿಗೆ, ಬದಿಯ ಚರಂಡಿಗಳಿಂದ ದಕ್ಷಿಣದ ‘ಸುವರ್ಣಜಲ’ ಕಾಲುವೆಗೆ, ಅಲ್ಲಿಂದ 52 ಮೀಟರ್ ಅಗಲದ ಕಂದಕದತ್ತ ಹರಿಯುತ್ತದೆ. ಆ ಕಾಲುವೆಯೂ ಬರಿಯ ಚೆಲುವಿಗೆ ಬಾಗಿದ್ದಲ್ಲ, ಬೆಂಕಿ ಬಿದ್ದಾಗಲೂ ಕಟ್ಟಡ ಕಟ್ಟುವಾಗಲೂ ನೀರು ಅಲ್ಲಿಂದಲೇ ಬರಬೇಕಿತ್ತು. ಮೂರು ಮಹಾ ಸಭಾಂಗಣಗಳು ನಿಂತಿರುವ ಮೂರು ಅಂತಸ್ತಿನ ಬಿಳಿ ಕಲ್ಲಿನ ಜಗತಿಯ ಅಂಚಿನಲ್ಲಿ 1,142 ಡ್ರ್ಯಾಗನ್ ತಲೆಗಳು ಹೊರಚಾಚಿವೆ, ಅವುಗಳ ಬಾಯಲ್ಲಿ ತೂತುಗಳಿವೆ. ಜೋರು ಮಳೆಯಲ್ಲಿ ಅಷ್ಟೂ ಬಾಯಿಗಳಿಂದ ನೀರು ಧುಮುಕುತ್ತದೆ. ಆ ಜಗತಿಯ ವಿನ್ಯಾಸದ ಹೆಸರು ‘ಶುಮಿ ಪೀಠ’. ‘ಶುಮಿ’ ಎಂದರೆ ನಮ್ಮ ಸುಮೇರು! ಬೌದ್ಧ ಮೂರ್ತಿಗಳ ಪೀಠವಾಗಿ ಭಾರತದಿಂದ ಹೋದ ಮೇರು ಪರ್ವತದ ಕಲ್ಪನೆಯೇ ಚಕ್ರವರ್ತಿಯ ಸಿಂಹಾಸನಕ್ಕೆ ಅಡಿಪಾಯವಾಯಿತು.

ಮರಗಳಿಲ್ಲದಿರುವುದು ಉದ್ದೇಶಪೂರ್ವಕ. ತೆರೆದ ಕಲ್ಲಿನ ಬಯಲನ್ನು ದಾಟಿ ಬರುವ ಅಧಿಕಾರಿಗೆ ಮರೆಯಾಗಲಿ ನೆರಳಾಗಲಿ ಸಿಗಬಾರದು, ಸಭಾಂಗಣಕ್ಕಿಂತ ಎತ್ತರದ್ದೇನೂ ಅವನ ಕಣ್ಣಿಗೆ ಬೀಳಬಾರದು. ಮರಗಳು ಬೇಕೆಂದರೆ ಉತ್ತರ ತುದಿಯ ರಾಜೋದ್ಯಾನಕ್ಕೆ ಹೋಗಬೇಕು.

ಮೂರು ಮಹಾ ಸಭಾಂಗಣಗಳಲ್ಲಿ ಕೊನೆಯದಾದ ಬಾವೋಹೆದಿಯನ್ ಹಿಂದಿರುವ ಒಂದೇ ಕಲ್ಲಿನ ಬೃಹತ್ ಕೆತ್ತನೆಯನ್ನು ಯಂತ್ರಗಳಿಲ್ಲದೆ ಹೇಗೆ ತಂದರು?
— ಓದುಗರು, ಕಾರ್ಕಳ

ಮೆಟ್ಟಿಲುಗಳ ನಡುವೆ ಇಳಿಜಾರಾಗಿ ಮಲಗಿರುವ ಆ ಕಲ್ಲು 16.57 ಮೀಟರ್ ಉದ್ದ, 3.07 ಮೀಟರ್ ಅಗಲ, 1.7 ಮೀಟರ್ ದಪ್ಪ ಇದೆ, ತೂಕ 200 ಟನ್ನಿಗೂ ಹೆಚ್ಚು. ಮೋಡಗಳ ನಡುವೆ ಒಂಬತ್ತು ಡ್ರ್ಯಾಗನ್‌ಗಳ ಈಗಿನ ಕೆತ್ತನೆ ಚಿಯಾನ್‌ಲಾಂಗ್ ಕಾಲದ್ದು, ಮಿಂಗ್ ಕಾಲದ ಕೆತ್ತನೆಯನ್ನು ಕೆರೆದು ತೆಗೆದು ಹೊಸದಾಗಿ ಕೆತ್ತಿಸಿದರು. ಗಣಿ ಇರುವುದು ನೈಋತ್ಯಕ್ಕೆ ಸುಮಾರು 70 ಕಿಲೋಮೀಟರ್ ದೂರದ ಫಾಂಗ್‌ಶಾನ್ ಪ್ರದೇಶದಲ್ಲಿ. ಕಾರ್ಕಳದ ಗೊಮ್ಮಟನನ್ನು ಬಂಡಿಯೇರಿಸಿ ಬೆಟ್ಟಕ್ಕೆ ಎಳೆದ ಕಥೆ ಕೇಳಿದವರಿಗೆ ಇದು ಕುತೂಹಲ ಹುಟ್ಟಿಸುವುದು ಸಹಜ.

ಅವರು ಚಳಿಗಾಲಕ್ಕೆ ಕಾದರು. ದಾರಿಯುದ್ದಕ್ಕೂ ಅರ್ಧ ಕಿಲೋಮೀಟರಿಗೊಂದರಂತೆ ಬಾವಿ ತೋಡಿ, ನೀರೆತ್ತಿ ರಸ್ತೆಗೆ ಸುರಿದು, ಅದು ಹೆಪ್ಪುಗಟ್ಟಿದ ಮೇಲೆ ಮರದ ಜಾರುಬಂಡಿಯ ಮೇಲೆ ಕಲ್ಲನ್ನು ಎಳೆದರು. 1557ರ ಬೆಂಕಿಯ ನಂತರ ನಡೆದ ಮರುನಿರ್ಮಾಣಕ್ಕಾಗಿ 123 ಟನ್ ತೂಕದ ಇನ್ನೊಂದು ಕಲ್ಲನ್ನು ಹೀಗೆ 28 ದಿನಗಳಲ್ಲಿ ತಂದ ದಾಖಲೆಯಿದೆ. ಚಕ್ರದ ಬಂಡಿಗಳು ಆ ಹೊತ್ತಿಗೆ ಚೀನಾದಲ್ಲಿ ಸಾವಿರಾರು ವರ್ಷ ಹಳೆಯವು. ಆದರೂ ಇಂಥ ಭಾರಕ್ಕೆ ಐಸೇ ಸುರಕ್ಷಿತ, ಅದರ ಮೇಲೆ ತೆಳುವಾಗಿ ನೀರು ಹರಿಸಿದರೆ ಜಾರುವುದು ಇನ್ನೂ ಸುಲಭ ಎಂದು 2013ರಲ್ಲಿ ಪ್ರಕಟವಾದ ಎಂಜಿನಿಯರುಗಳ ಅಧ್ಯಯನವೊಂದು ಲೆಕ್ಕ ಹಾಕಿ ತೋರಿಸಿತು.

ಹೊರಗೆಲ್ಲ ‘ಸಾಮರಸ್ಯ’, ಒಳಗೆ ‘ಶಾಂತಿ’. ಅರಮನೆಯ ಕಟ್ಟಡಗಳ ಹೆಸರುಗಳಿಗೂ ಅಲ್ಲಿದ್ದ ಹೆಣ್ಣುಮಕ್ಕಳ ಬದುಕಿಗೂ ಸಂಬಂಧವಿತ್ತೇ?
— ಸ್ನಾತಕೋತ್ತರ ವಿದ್ಯಾರ್ಥಿನಿ, ಕಲಬುರಗಿ

ಹೆಸರುಗಳು ಆಶಯಗಳು. ಹೊರ ಆಸ್ಥಾನದಲ್ಲಿ ಮೂರು ಸಭಾಂಗಣ, ಬೆಸ ಸಂಖ್ಯೆ, ಯಾಂಗ್. ಒಳ ಅರಮನೆಯಲ್ಲಿ ಮೂಲತಃ ಎರಡು, ಸರಿ ಸಂಖ್ಯೆ, ಯಿನ್, ಅಂದರೆ ಸ್ತ್ರೀ ತತ್ತ್ವ. ಆ ಎರಡರಲ್ಲಿ ಚಕ್ರವರ್ತಿಯದು ‘ಚಿಯಾನ್’, ಅಂದರೆ ಆಕಾಶ, ಸಾಮ್ರಾಜ್ಞಿಯದು ‘ಕುನ್’, ಅಂದರೆ ಭೂಮಿ. ಮಿಂಗ್ ಕಾಲದಲ್ಲೇ ಮುಂದೆ ಇವೆರಡರ ನಡುವೆ ‘ಜಿಯಾವೋತೈ’, ಅಂದರೆ ಆಕಾಶ ಭೂಮಿಗಳ ಸಮಾಗಮ, ಎಂಬ ಚಿಕ್ಕ ಸಭಾಂಗಣವನ್ನು ಸೇರಿಸಿದರು. ನಮ್ಮ ದ್ಯಾವಾ-ಪೃಥಿವಿಯ ಕಲ್ಪನೆಗೆ ಇದು ಬಹಳ ಹತ್ತಿರ. ಇಕ್ಕೆಲಗಳಲ್ಲಿ ಆರಾರು ಅಂತಃಪುರಗಳು, ಪ್ರತಿಯೊಂದೂ ಎತ್ತರದ ಗೋಡೆ ಸುತ್ತಿದ ತೊಟ್ಟಿಮನೆ.

ಬದುಕು ಹೆಸರಿನಂತಿರಲಿಲ್ಲ. 1542ರಲ್ಲಿ ಜಿಯಾಜಿಂಗ್ ಚಕ್ರವರ್ತಿಯ ಕ್ರೌರ್ಯ ತಾಳದ ದಾಸಿಯರು ಅವನು ಮಲಗಿದ್ದಾಗ ಹಗ್ಗದಿಂದ ಕೊರಳು ಬಿಗಿದರು. ಗಂಟು ಸರಿಯಾಗಿ ಬೀಳಲಿಲ್ಲ, ಅವನು ಉಳಿದ. ಹದಿನಾರು ಮಂದಿ ದಾಸಿಯರನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಸಾಮರಸ್ಯದ ಫಲಕಗಳ ಅಡಿಯಲ್ಲಿ ನಡೆಯುವಾಗ ಈ ಹುಡುಗಿಯರನ್ನು ಮರೆಯಬಾರದು.

ತೈಹೆದಿಯನ್‌ನಲ್ಲಿ ಈಗಿರುವ ಸಿಂಹಾಸನ ಮೂಲದ್ದೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಬೆಂಗಳೂರು

ಮೂಲದ್ದೇ, ಆದರೆ ಕಸದಿಂದ ಎದ್ದು ಬಂದದ್ದು. 1912ರಲ್ಲಿ ಕೊನೆಯ ಚಕ್ರವರ್ತಿ ಪುಯಿ ಪದತ್ಯಾಗ ಮಾಡಿದ. 1915ರ ಕೊನೆಯಲ್ಲಿ ಅಧ್ಯಕ್ಷ ಯುವಾನ್ ಶಿಕಾಯ್ ತಾನೇ ಚಕ್ರವರ್ತಿಯಾಗಲು ಹೊರಟು, ಹಳೆಯ ಸಿಂಹಾಸನವನ್ನು ತೆಗೆಸಿ ಪಾಶ್ಚಾತ್ಯ ಮಾದರಿಯ ಎತ್ತರ ಬೆನ್ನಿನ ಕುರ್ಚಿ ಇಡಿಸಿದ. ಕೆಲವೇ ತಿಂಗಳಲ್ಲಿ ಆ ಆಸೆಯನ್ನು ಕೈಬಿಡಬೇಕಾಗಿ ಬಂತು, 1916ರಲ್ಲಿ ತೀರಿಕೊಂಡ. ಹಳೆಯದು ಎಲ್ಲಿ ಹೋಯಿತೆಂದು ದಶಕಗಳ ಕಾಲ ಯಾರಿಗೂ ತಿಳಿಯಲಿಲ್ಲ. 1959ರಲ್ಲಿ ವಸ್ತುಸಂಗ್ರಹಾಲಯದ ತಜ್ಞ ಝೂ ಜಿಯಾಜಿನ್, 1900ರಲ್ಲಿ ತೆಗೆದ ಸಭಾಂಗಣದ ಫೋಟೊವೊಂದನ್ನು ಹಿಡಿದು ಹುಡುಕುತ್ತ, ಮುರಿದ ಪೀಠೋಪಕರಣಗಳ ಉಗ್ರಾಣದಲ್ಲಿ ಡ್ರ್ಯಾಗನ್‌ಗಳು ಸುತ್ತಿಕೊಂಡ ಮುರುಕು ಕುರ್ಚಿಯೊಂದನ್ನು ಗುರುತಿಸಿದರು. ಅದನ್ನು ದುರಸ್ತಿ ಮಾಡಿ ಮತ್ತೆ ಸ್ವಸ್ಥಾನದಲ್ಲಿ ಇಟ್ಟರು.

ಮುಂದಿನ ವರ್ಷ ಬೀಜಿಂಗ್‌ಗೆ ಹೋಗುವವರಿದ್ದೇವೆ. ಎಲ್ಲರೂ ನೋಡುವುದನ್ನು ಬಿಟ್ಟು ಏನನ್ನು ನೋಡಬೇಕು?
— ದಂಪತಿ, ಶಿವಮೊಗ್ಗ

ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಿಕೊಳ್ಳಿ, ಸೋಮವಾರ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ. ದಕ್ಷಿಣದ ವೂಮೆನ್ ದ್ವಾರದಿಂದ ಒಳಗೆ ಹೋದ ಜನ ನಡುವಿನ ಅಕ್ಷದಲ್ಲೇ ನೇರ ನಡೆದು ಉತ್ತರದಿಂದ ಹೊರಬೀಳುತ್ತಾರೆ. ನೀವು ಬಲಕ್ಕೆ, ಈಶಾನ್ಯ ಮೂಲೆಯ ನಿಂಗ್‌ಶೌಗಾಂಗ್ ಎಂಬ ಅರಮನೆಯ ಕಡೆಗೆ ತಿರುಗಿ. ಅದರ ಎದುರು ಚಿಯಾನ್‌ಲಾಂಗ್ ಕಾಲದ, 29.4 ಮೀಟರ್ ಉದ್ದದ ನವ ಡ್ರ್ಯಾಗನ್ ಗೋಡೆಯಿದೆ. ಬಣ್ಣಬಣ್ಣದ ಮೆರುಗಿನ 270 ಹೆಂಚಿನ ತುಂಡುಗಳನ್ನು ಜೋಡಿಸಿ ಅಲೆಗಳ ನಡುವೆ ಒಂಬತ್ತು ಡ್ರ್ಯಾಗನ್‌ಗಳನ್ನು ಮೂಡಿಸಿದ್ದಾರೆ.

ಪೂರ್ವದ ತುದಿಯಿಂದ ಎಣಿಸಿ ಮೂರನೆಯದಾದ ಬಿಳಿ ಡ್ರ್ಯಾಗನ್ನಿನ ಎದುರು ನಿಲ್ಲಿ. ಸುತ್ತಲಿನ ಹೆಂಚು ಬಿಸಿಲಿಗೆ ಗಾಜಿನಂತೆ ಹೊಳೆಯುವಾಗ ಅದರ ಹೊಟ್ಟೆಯ ಭಾಗ ಮಾತ್ರ ಮಂಕಾಗಿ ಕಾಣುತ್ತದೆ. ಅದು ಹೆಂಚಲ್ಲ, ಮರ. ಜೋಡಿಸುವಾಗ ಒಂದು ತುಂಡು ಒಡೆದುಹೋಯಿತೆಂದೂ, ಹೊಸದನ್ನು ಸುಡಲು ಸಮಯವಿಲ್ಲದೆ, ಶಿಕ್ಷೆಗೆ ಹೆದರಿದ ಕುಶಲಕರ್ಮಿಯೊಬ್ಬ ರಾತ್ರೋರಾತ್ರಿ ಮರದಲ್ಲಿ ಅದೇ ಆಕಾರ ಕೆತ್ತಿ, ಬಿಳಿ ಬಣ್ಣ ಬಳಿದು ಕೂರಿಸಿದನೆಂದೂ ಅಲ್ಲಿನ ಕಥೆ ಹೇಳುತ್ತದೆ. ಚಕ್ರವರ್ತಿಯ ಕಣ್ಣಿಗೆ ಅದು ಬೀಳಲಿಲ್ಲವಂತೆ. ಈಗ ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದು, ಮರದ ನಾರು ಬರಿಗಣ್ಣಿಗೆ ಕಾಣುತ್ತದೆ.